ಸಾಲ ತೀರುವ ಮುಂಚೆ ಬ್ಯಾಟರಿ ಸಾಯಬಾರದು: ವೈರಿಲ್ಲದ ಮಷಿನ್ ಕೊಳ್ಳುವವರಿಗೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಇವತ್ತು ನಾವು ಮಾತಾಡ್ತಿರೋದು ಬಡಿಗರು, ಎಲೆಕ್ಟ್ರಿಷಿಯನ್‌ಗಳು, ಫ್ಯಾಬ್ರಿಕೇಶನ್ ಕೆಲಸದವರು ದಿನಾ ಕೈಯಲ್ಲಿ ಹಿಡಿಯುವ ಒಂದು ವಸ್ತುವಿನ ಬಗ್ಗೆ. ಬ್ಯಾಟರಿ ಮಷಿನ್. ಅಂದ್ರೆ ವೈರಿಲ್ಲದ ಡ್ರಿಲ್, ವೈರಿಲ್ಲದ ಗ್ರೈಂಡರ್, ವೈರಿಲ್ಲದ ಕಟರ್. ಅಂಗಡಿಯವರು ‘ಕಾರ್ಡ್‌ಲೆಸ್’ ಅಂತಾರೆ, ಕೆಲಸಗಾರರು ಬ್ಯಾಟರಿ ಮಷಿನ್ ಅಂತಲೇ ಕರೀತಾರೆ.

ಈ ಸಂಚಿಕೆ ಮಾಡೋಕೆ ಕಾರಣ ನಮ್ಮ ಸೋದರಮಾವ. ಯಾದಗಿರಿ ಜಿಲ್ಲೆಯ ಗುರುಮಠಕಲ್‌ನಲ್ಲಿ ಬಡಿಗತನ ಮಾಡ್ತಾರೆ. ಬಾಗಿಲು, ಚೌಕಟ್ಟು, ಕಿಟಕಿ, ಈಗೀಗ ಅಡುಗೆಮನೆಯ ಪ್ಲೈವುಡ್ ಕೆಲಸ. ನಡುವೆ ಕೆಲವು ವರ್ಷ ಹೈದರಾಬಾದಿಗೆ ಹೋಗಿ ದುಡಿದು ಬಂದವರು. ನಮ್ಮ ಕಡೆ ಅದು ಹೊಸದೇನಲ್ಲ. ಯಾದಗಿರಿ, ಶಹಾಪುರ, ಸುರಪುರದಿಂದ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಬಸ್ ಹತ್ತುವವರು ಪ್ರತಿ ಊರಲ್ಲೂ ಸಿಗ್ತಾರೆ.

ಮೊನ್ನೆ ಊರಿಗೆ ಹೋದಾಗ ಮಾವ ಒಂದು ಪ್ರಶ್ನೆ ಹಾಕಿದ್ರು.

“ಅಳ್ಯಾ, ಈ ಬ್ಯಾಟ್ರಿ ಮಷಿನ್ ಅಂಬೋದು ಆಟಿಗಿ ಸಾಮಾನು ಅದ ನೋಡು. ಎಂಟ್ ತಿಂಗಳಿಗೆ ಸತ್ತು ಹೋತು. ಈಗ ವಿಶ್ವಕರ್ಮದ ಸಾಲ ಬರ್ತದ ಅಂತಾರ. ಆ ರೊಕ್ಕದಾಗ ಮತ್ತ ಅದನ್ನೇ ತಗೋಬೇಕೇನು?”

ಅವರು ಹೇಳಿದ್ದು ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ. ಬಡಿಗ, ಕಮ್ಮಾರ, ಕುಂಬಾರ, ಗೌಂಡಿ ಹೀಗೆ 18 ಕಸುಬುಗಳಿಗೆ ಅನ್ವಯ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗಿನ ಇ-ವೋಚರ್, ಅದರ ಮೇಲೆ ಅಡವಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಸಾಲ. ಬಡ್ಡಿ ಶೇ 5. ಮೊದಲ ಸಾಲ ತೀರಿಸಲು 18 ತಿಂಗಳು ಸಮಯ. ಪೂರ್ತಿ ಲಕ್ಷ ತಗೊಂಡ್ರೆ ತಿಂಗಳಿಗೆ ಐದೂವರೆ ಸಾವಿರದ ಮೇಲೆ ಕಂತು ಕಟ್ಟಬೇಕಾಗುತ್ತೆ.

ಲೆಕ್ಕ ನೋಡಿ. ಸಾಲ 18 ತಿಂಗಳದ್ದು. ಬ್ಯಾಟರಿ ಸತ್ತದ್ದು ಎಂಟು ತಿಂಗಳಿಗೆ. ಮಷಿನ್ ಸತ್ತ ಮೇಲೂ ಹತ್ತು ತಿಂಗಳು ಅದರ ಕಂತು ಕಟ್ಟುತ್ತಾ ಕೂರೋದು ಯಾರಿಗೆ ಬೇಕು? ಮಾವನ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹುಡುಕೋಕೆ ಹೋದಾಗ ನನಗೆ ತಿಳಿದ ಒಂದು ಮಾತನ್ನ ಮೊದಲೇ ಹೇಳಿಬಿಡ್ತೀನಿ. ಬ್ಯಾಟರಿ ಮಷಿನ್ ಕೊಳ್ಳುವಾಗ ನಾವು ನಿಜವಾಗಿ ಕೊಳ್ಳೋದು ಬ್ಯಾಟರಿಯನ್ನ. ಡ್ರಿಲ್ಲು, ಗ್ರೈಂಡರು ಅದರ ಹಿಂದೆ ಬರುವ ಬಳಗ. ಬ್ಯಾಟರಿ ಸರಿಯಾಗಿ ಆರಿಸಿ, ಸರಿಯಾಗಿ ಇಟ್ಟುಕೊಂಡ್ರೆ ಈ ಮಷಿನ್ ನಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು. ಇಲ್ಲದಿದ್ರೆ ಮಾವ ಹೇಳಿದಂಗೆ ಆಟಿಗೆ ಸಾಮಾನೇ.

ವೈರು ಇಲ್ಲದಿದ್ರೆ ಏನು ಲಾಭ?

ನಗರದಲ್ಲಿ ಕೂತು ಯೋಚಿಸಿದ್ರೆ ವೈರಿಲ್ಲದಿರೋದು ಒಂದು ಅನುಕೂಲ, ಅಷ್ಟೇ. ನಮ್ಮ ಕಡೆ ಹಾಗಲ್ಲ.

ಹೊಸ ಮನೆ ಕಟ್ಟುತ್ತಿರುವ ಜಾಗ ನೆನಪಿಸಿಕೊಳ್ಳಿ. ಗೋಡೆ ಎದ್ದಿರುತ್ತೆ, ಮೀಟರ್ ಇನ್ನೂ ಬಂದಿರಲ್ಲ. ಪಕ್ಕದ ಮನೆಯವರನ್ನ ಕೇಳಿ, ಕಿಟಕಿಯಿಂದ ವೈರು ಎಳೆದು, ಎರಡು ಮೂರು ಕಡೆ ಟೇಪು ಸುತ್ತಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಮಷಿನ್ ಸಿಕ್ಕಿಸಬೇಕು. ಅಷ್ಟರಲ್ಲಿ ಕರೆಂಟು ಹೋಗುತ್ತೆ. ಕರೆಂಟ್ ಬರೋವರೆಗೆ ಬಡಿಗ, ಅವನ ಜೊತೆ ಬಂದ ಹುಡುಗ ಇಬ್ಬರೂ ನೆರಳು ಹುಡುಕಿ ಕೂತ್ಕೋಬೇಕು. ಆ ಹೊತ್ತಿನ ಕೂಲಿ ಯಾರೂ ಕೊಡಲ್ಲ.

ಬ್ಯಾಟರಿ ಮಷಿನ್ ಇದ್ದರೆ ಕರೆಂಟ್ ಇದ್ದಾಗ ಚಾರ್ಜ್ ಮಾಡಿಕೊಳ್ಳೋದು, ಇಲ್ಲದಾಗ ಕೆಲಸ ಮಾಡೋದು. ರಾತ್ರಿ ಮನೆಯಲ್ಲಿ ಕರೆಂಟ್ ಇತ್ತಾ? ನಾಳೆಯ ಕೆಲಸ ಅರ್ಧ ಆದಂಗೆ.

ಎರಡನೆಯದು ಜೀವದ ಮಾತು. ಮನೆಯ ಕರೆಂಟು 230 ವೋಲ್ಟ್. ಮಳೆಗಾಲದಲ್ಲಿ ಒದ್ದೆ ನೆಲ, ಟೇಪು ಸುತ್ತಿದ ವೈರು, ಕಾಲಲ್ಲಿ ಹವಾಯಿ ಚಪ್ಪಲಿ. ಏಣಿ ಮೇಲೆ ನಿಂತವನಿಗೆ ಸಣ್ಣ ಶಾಕ್ ಹೊಡೆದರೂ ಸಾಕು, ಕೆಳಗೆ ಬೀಳ್ತಾನೆ. ಕೈಮಷಿನ್ನಿನ ಬ್ಯಾಟರಿ 18 ವೋಲ್ಟಿನ ಆಸುಪಾಸಿನದ್ದು, ಅದು ಮೈಗೆ ಶಾಕ್ ಹೊಡೆಯುವ ಮಟ್ಟದ್ದಲ್ಲ. ಗ್ರೈಂಡರ್ ಚಕ್ರಕ್ಕೆ ತನ್ನದೇ ವೈರು ಸಿಕ್ಕಿ ತುಂಡಾಗುವ ಅಪಾಯವೂ ಇರಲ್ಲ. ಆದರೆ ಒಂದು ಎಚ್ಚರ ಬೇಕು. ಗೋಡೆಯೊಳಗೆ ಹಾದುಹೋದ ವೈರಿಗೆ ಡ್ರಿಲ್ ಬಿಟ್ ತಾಗಿದ್ರೆ ಬ್ಯಾಟರಿ ಮಷಿನ್ ಆದರೂ ಶಾಕ್ ಹೊಡೆಯುತ್ತೆ. ಚಕ್ರ ಒಡೆದು ಕಣ್ಣಿಗೆ ಸಿಡಿಯೋದಕ್ಕೂ ವೈರು ಇದೆಯೋ ಇಲ್ಲವೋ ಅನ್ನೋದಕ್ಕೂ ಸಂಬಂಧವಿಲ್ಲ. ಕನ್ನಡಕ ಹಾಕಲೇಬೇಕು.

ಮೂರನೆಯದು ಓಡಾಟ. ಗುರುಮಠಕಲ್ ಗಡಿ ತಾಲ್ಲೂಕು. ಆಚೆ ತೆಲಂಗಾಣದ ನಾರಾಯಣಪೇಟೆ. ಒಂದು ಚೀಲದಲ್ಲಿ ಡ್ರಿಲ್ಲು, ಎರಡು ಬ್ಯಾಟರಿ, ಬಿಟ್ ಡಬ್ಬಿ ಹಾಕ್ಕೊಂಡು ಬೈಕ್ ಹತ್ತಿದ್ರೆ, ಬೀಗ ಕೂಡಿಸೋದು, ಬಿಜಾಗರಿ ಬದಲಿಸೋದು, ಪರದೆಯ ರಾಡು ಹಾಕೋದು ಇಂಥ ಒಂದೆರಡು ಗಂಟೆಯ ಕೆಲಸಗಳನ್ನ ದಿನಕ್ಕೆ ನಾಲ್ಕು ಮನೆಯಲ್ಲಿ ಮುಗಿಸಬಹುದು. ಬರೀ ವೈರು ಎಳೆಯೋಕೇ ಅರ್ಧ ಗಂಟೆ ಹೋಗೋದಾದ್ರೆ ಅಂಥ ಸಣ್ಣ ಕೆಲಸ ಗಿಟ್ಟೋದೇ ಇಲ್ಲ.

ಚಂದ್ರನ ಮೇಲೆ ಕೊರೆದ ಮಷಿನ್

ಬ್ಯಾಟರಿ ಮಷಿನ್ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲೇ ಬ್ಯಾಟರಿ ಡ್ರಿಲ್ ಮಾರುಕಟ್ಟೆಗೆ ತಂದಿತ್ತು. ನಾಸಾದವರು ಚಂದ್ರಯಾನಕ್ಕಾಗಿ ಇದನ್ನ ಕಂಡುಹಿಡಿದ್ರು ಅಂತ ಒಂದು ಕತೆ ಓಡಾಡುತ್ತೆ, ಅದು ಸರಿಯಲ್ಲ. ಡ್ರಿಲ್ ಮೊದಲೇ ಇತ್ತು. ಆದರೆ 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ನೆಲ ಕೊರೆಯೋಕೆ ಬ್ಯಾಟರಿ ಡ್ರಿಲ್ ಒಯ್ದದ್ದು ನಿಜ, ಅದರಲ್ಲಿ ಇದೇ ಕಂಪನಿಯ ಕೈ ಇದ್ದದ್ದೂ ನಿಜ. ಅಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲವಲ್ಲ!

ಆಗಿನ ಅಂಗಡಿ ಮಷಿನ್‌ಗಳಲ್ಲಿ ಇದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಭಾರ ಜಾಸ್ತಿ, ಶಕ್ತಿ ಕಡಿಮೆ, ಸುಮ್ಮನೆ ಇಟ್ಟರೂ ಚಾರ್ಜ್ ಸೋರಿಹೋಗ್ತಿತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನ ಮೊದಲ ಬಾರಿ ಮಾರುಕಟ್ಟೆಗೆ ತಂದಿತು. 2005ರ ಸುಮಾರಿಗೆ ಅದು ದೊಡ್ಡ ಕೈಮಷಿನ್‌ಗಳಿಗೆ ಬಂತು. ಮುಂದೆ ಗ್ರೈಂಡರು, ಮರ ಕೊಯ್ಯುವ ಕಟರು, ಕಾಂಕ್ರೀಟ್ ಕೊರೆಯುವ ಹ್ಯಾಮರ್ ಡ್ರಿಲ್ಲುಗಳೂ ಈ ಬ್ಯಾಟರಿಯಿಂದ ನಡೆಯತೊಡಗಿದವು. ಈ ಬ್ಯಾಟರಿಗೆ ತಳಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಡಬ್ಬಿಯೊಳಗೆ ಏನಿದೆ?

ಈಗ ಬ್ಯಾಟರಿಯ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದ್ರೆ ಏನು ಕಾಣುತ್ತೆ ನೋಡೋಣ. ನೀವು ಬಿಚ್ಚಬೇಡಿ, ನಾನು ಹೇಳ್ತೀನಿ. ಒಳಗೆ ಗೋಡೆ ಗಡಿಯಾರದ ಸೆಲ್ಲಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಉದ್ದದ ಸೆಲ್‌ಗಳು ಇರ್ತವೆ. ಸಾಮಾನ್ಯವಾಗಿ ಬಳಸುವ ಸೆಲ್ಲಿನ ಹೆಸರು 18650. ಹೆಸರಲ್ಲೇ ಅಳತೆ ಇದೆ. 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ.

ಇಂಥ ಒಂದು ಸೆಲ್ 3.6 ವೋಲ್ಟ್. ಐದನ್ನ ಸಾಲಾಗಿ ಜೋಡಿಸಿದ್ರೆ ಐದು ಮೂರೂವರೆ ಚಿಲ್ಲರೆ, ಅಂದ್ರೆ 18 ವೋಲ್ಟ್. ಅದೇ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತೋರಿಸುತ್ತೆ. ಐದಕ್ಕೆ 21 ವೋಲ್ಟ್. ಹಾಗಾಗಿ ಅಂಗಡಿಯಲ್ಲಿ ಒಬ್ಬರು 18 ವೋಲ್ಟ್ ಅಂತಾರೆ, ಇನ್ನೊಬ್ಬರು 20 ವೋಲ್ಟ್ ಮ್ಯಾಕ್ಸ್ ಅಂತಾರೆ, ಮತ್ತೊಬ್ಬರು 21 ವೋಲ್ಟ್ ಅಂತಾರೆ. ಮೂರೂ ಒಂದೇ, ಐದು ಸೆಲ್ಲಿನ ಸಾಲು. ಡಿವಾಲ್ಟ್ ಕಂಪನಿ ಒಂದೇ ಬ್ಯಾಟರಿಯನ್ನ ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ, ಯುರೋಪಿನಲ್ಲಿ 18 ವೋಲ್ಟ್ ಅಂತ ಮಾರುತ್ತೆ. 21 ಅನ್ನೋ ನಂಬರ್ ನೋಡಿ ಜಾಸ್ತಿ ಶಕ್ತಿ ಅಂತ ಮೂರು ಕಾಸು ಹೆಚ್ಚು ಕೊಡಬೇಡಿ.

ಇನ್ನೊಂದು ನಂಬರ್ ಆಂಪಿಯರ್-ಅವರ್, ಎಎಚ್ ಅಂತ ಬರೆದಿರುತ್ತೆ. ಮನೆ ಮೇಲಿನ ನೀರಿನ ಟಾಕಿ ನೆನೆಸಿಕೊಳ್ಳಿ. ವೋಲ್ಟ್ ಅಂದ್ರೆ ಟಾಕಿ ಎಷ್ಟು ಎತ್ತರದಲ್ಲಿದೆ ಅನ್ನೋದು. ನಳದಲ್ಲಿ ನೀರಿನ ರಭಸ ಅದರಿಂದ ಬರುತ್ತೆ. ಎಎಚ್ ಅಂದ್ರೆ ಟಾಕಿ ಎಷ್ಟು ದೊಡ್ಡದು ಅನ್ನೋದು. ಎರಡನ್ನೂ ಗುಣಿಸಿದ್ರೆ ಒಟ್ಟು ಶಕ್ತಿ, ವ್ಯಾಟ್-ಅವರ್. 18 ವೋಲ್ಟ್, 4 ಎಎಚ್ ಬ್ಯಾಟರಿಯಲ್ಲಿ 72 ವ್ಯಾಟ್-ಅವರ್ ಇರುತ್ತೆ.

ಜೆಸ್ಕಾಂ ಬಿಲ್ಲಿನ ಒಂದು ಯುನಿಟ್ ಅಂದ್ರೆ 1000 ವ್ಯಾಟ್-ಅವರ್. ಚಾರ್ಜರಿನಲ್ಲಿ ಬಿಸಿಯಾಗಿ ಹೋಗೋದನ್ನ ಸೇರಿಸಿದ್ರೂ ಒಂದು ಬ್ಯಾಟರಿ ತುಂಬಿಸೋಕೆ ಯುನಿಟ್ಟಿನ ಹತ್ತರಲ್ಲಿ ಒಂದು ಪಾಲು ಸಾಕು. ಒಂದು ರೂಪಾಯಿಯ ಒಳಗಿನ ಖರ್ಚು. ದುಬಾರಿ ಆಗೋದು ಕರೆಂಟಲ್ಲ, ಬ್ಯಾಟರಿ.

ಆ 72 ವ್ಯಾಟ್-ಅವರ್ ಎಷ್ಟು ಹೊತ್ತು ಬರುತ್ತೆ? ಅಂದಾಜು ಲೆಕ್ಕ ಹಾಕೋಣ. ಸ್ಕ್ರೂ ಹಾಕುವಾಗ ಡ್ರಿಲ್ಲು ಸರಾಸರಿ 150 ವ್ಯಾಟ್ ತಿಂತದೆ ಅಂತ ಹಿಡಿದ್ರೆ, ಗುಂಡಿ ಒತ್ತಿಹಿಡಿದ ಹೊತ್ತು ಹತ್ತಿರ ಹತ್ತಿರ ಅರ್ಧ ಗಂಟೆ. ಅರ್ಧ ಗಂಟೆನಾ ಅನ್ನಬೇಡಿ. ಒಂದು ಸ್ಕ್ರೂಗೆ ಐದು ಸೆಕೆಂಡ್ ಹಿಡಿದ್ರೆ ಮುನ್ನೂರರ ಮೇಲೆ ಸ್ಕ್ರೂ ಆಯ್ತು. ಒಬ್ಬ ಬಡಿಗನಿಗೆ ಅರ್ಧ ದಿನದ ಕೆಲಸ. ಅದೇ ಬ್ಯಾಟರಿಯನ್ನ ಗ್ರೈಂಡರಿಗೆ ಹಾಕಿ ಕಬ್ಬಿಣ ಕೊಯ್ದರೆ? ಅದು 600 ವ್ಯಾಟ್ ಎಳೆಯಬಹುದು. ಏಳೆಂಟು ನಿಮಿಷಕ್ಕೆ ಖಾಲಿ.

ಈ ಒಂದು ಲೆಕ್ಕ ಗೊತ್ತಿದ್ರೆ ಯಾವುದಕ್ಕೆ ಬ್ಯಾಟರಿ ಮಷಿನ್, ಯಾವುದಕ್ಕೆ ವೈರಿನ ಮಷಿನ್ ಅನ್ನೋದು ತಾನಾಗೇ ಗೊತ್ತಾಗುತ್ತೆ. ಬಿಟ್ಟು ಬಿಟ್ಟು ನಡೆಯುವ, ಓಡಾಡಿ ಮಾಡುವ ಕೆಲಸಕ್ಕೆ ಬ್ಯಾಟರಿ. ಒಂದೇ ಕಡೆ ಕೂತು ಗಂಟೆಗಟ್ಟಲೆ ಕೊಯ್ಯುವ, ತೀಡುವ, ಕಾಂಕ್ರೀಟ್ ಒಡೆಯುವ ಕೆಲಸಕ್ಕೆ ವೈರು. ಅಂಗಡಿಯಲ್ಲಿ ವೈರು, ಸೈಟಿನಲ್ಲಿ ಬ್ಯಾಟರಿ. ಎರಡೂ ಜೊತೆಗಿರಬೇಕಾದವು.

ಒಂದು ಬ್ಯಾಟರಿ, ಹತ್ತು ಮಷಿನ್

ಇನ್ನು ಬಹುಪಯೋಗದ ಮಾತು. ಒಂದು ಕಂಪನಿಯ 18 ವೋಲ್ಟ್ ಬ್ಯಾಟರಿ ಅದೇ ಸಾಲಿನ ಎಲ್ಲ ಮಷಿನ್‌ಗೂ ಕೂಡುತ್ತೆ. ಬೆಳಿಗ್ಗೆ ಡ್ರಿಲ್ಲು, ಮಧ್ಯಾಹ್ನ ಪ್ಲೈವುಡ್ ಕೊಯ್ಯುವ ಕಟರು, ಸಂಜೆ ಹೊಟ್ಟು ಊದುವ ಬ್ಲೋವರು, ರಾತ್ರಿ ಕರೆಂಟ್ ಹೋದ್ರೆ ಅದೇ ಬ್ಯಾಟರಿಗೆ ಲೈಟು ಅಥವಾ ಫ್ಯಾನು. ಮಕೀಟಾ ಕಂಪನಿಯ 18 ವೋಲ್ಟ್ ಸಾಲಿನಲ್ಲಿ 300ಕ್ಕೂ ಹೆಚ್ಚು ಉಪಕರಣಗಳಿವೆ. ಬ್ಯಾಟರಿಯಿಂದ ಕಾಫಿ ಮಾಡುವ ಯಂತ್ರವನ್ನೂ ಅವರು ಮಾಡಿದ್ದಾರೆ.

ಹಾಗಾಗಿ ಮೊದಲ ಮಷಿನ್ ಮಾತ್ರ ದುಬಾರಿ. ಎರಡನೆಯದನ್ನ ಬ್ಯಾಟರಿ, ಚಾರ್ಜರ್ ಇಲ್ಲದೆ ಬರೀ ಮಷಿನ್ ಕೊಂಡರೆ ಸಾಕು, ಕಡಿಮೆಗೆ ಸಿಗುತ್ತೆ. ಆದರೆ ಇದರಲ್ಲೇ ಒಂದು ಕಟ್ಟೂ ಇದೆ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂಡಲ್ಲ. 2018ರಲ್ಲಿ ಜರ್ಮನಿಯ ಮೆಟಾಬೊ ಮುಂದಾಗಿ ಕೆಲವು ಕಂಪನಿಗಳು ಸೇರಿ ಒಂದೇ ಬ್ಯಾಟರಿ ಬಳಸುವ ಒಕ್ಕೂಟ ಮಾಡಿಕೊಂಡಿದ್ದುಂಟು. ಆದರೆ ಬಾಷ್, ಮಕೀಟಾ, ಡಿವಾಲ್ಟ್ ಇವುಗಳ ಬ್ಯಾಟರಿ ಒಂದಕ್ಕೊಂದು ಕೂಡೋದಿಲ್ಲ. ಮೊದಲ ಬ್ಯಾಟರಿ ಕೊಂಡ ದಿನವೇ ಮುಂದಿನ ಐದಾರು ವರ್ಷದ ಮಷಿನ್‌ಗಳು ಯಾವುವು ಅನ್ನೋದು ತೀರ್ಮಾನ ಆಗಿಬಿಡುತ್ತೆ. ಅದಕ್ಕೇ ಕೊಳ್ಳುವ ಮುಂಚೆ ಯಾದಗಿರಿ, ಕಲಬುರಗಿ ಅಥವಾ ರಾಯಚೂರಿನಲ್ಲಿ ಆ ಕಂಪನಿಯ ಸರ್ವಿಸ್ ಸಿಗುತ್ತಾ, ಬಿಡಿ ಬ್ಯಾಟರಿ ಸಿಗುತ್ತಾ ಅಂತ ಕೇಳಿ. ಬೆಂಗಳೂರಿಗೆ ಕಳಿಸಬೇಕು ಅಂದ್ರೆ ವಾರಗಟ್ಟಲೆ ಕೆಲಸ ನಿಂತಂಗೆ.

ಮೋಟರಿನ ವಿಷಯವೂ ಇಲ್ಲೇ ಹೇಳಿಬಿಡ್ತೀನಿ. ಹಳೇ ನಮೂನೆಯ ಮೋಟರಿನಲ್ಲಿ ಕಾರ್ಬನ್ ಇರುತ್ತೆ. ಸವೆದ್ರೆ ಗುರುಮಠಕಲ್‌ನಲ್ಲೇ ಯಾವ ಮೋಟರ್ ರಿಪೇರಿ ಅಂಗಡಿಯವರೂ ಬದಲಿಸಿ ಕೊಡ್ತಾರೆ. ಹೊಸ ಬ್ರಷ್‌ಲೆಸ್ ಮೋಟರಿನಲ್ಲಿ ಕಾರ್ಬನ್ನೇ ಇರಲ್ಲ. ಸವೆಯೋದಿಲ್ಲ, ಬಿಸಿ ಕಡಿಮೆ, ಅದೇ ಬ್ಯಾಟರಿಯಲ್ಲಿ ಜಾಸ್ತಿ ಹೊತ್ತು ಓಡುತ್ತೆ. ಆದರೆ ಅದನ್ನ ನಡೆಸೋದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡು. ಅದು ಸುಟ್ಟರೆ ಊರಲ್ಲಿ ರಿಪೇರಿ ಆಗೋದು ಕಷ್ಟ. ದಿನಾ ದುಡಿಯುವವರಿಗೆ ಬ್ರಷ್‌ಲೆಸ್ ಲಾಭ. ಅಪರೂಪಕ್ಕೆ ಬಳಸುವವರಿಗೆ ಕಾರ್ಬನ್ ಮೋಟರೇ ಸಾಕು.

ಹೊಲದಲ್ಲಿ ಮೊದಲೇ ಬಂದಿತ್ತು

ನಮ್ಮ ಭಾಗದ ರೈತರಿಗೆ ಬ್ಯಾಟರಿ ಉಪಕರಣ ಹೊಸದಲ್ಲ. ಹತ್ತಿ, ತೊಗರಿಗೆ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ಬೆನ್ನಿಗೇರಿ ಎಷ್ಟೋ ವರ್ಷ ಆಯ್ತು. ಅದರಲ್ಲಿ ಹೆಚ್ಚಾಗಿ 12 ವೋಲ್ಟ್, 8 ಎಎಚ್ ಸೀಸದ ಬ್ಯಾಟರಿ. 96 ವ್ಯಾಟ್-ಅವರ್. ತೂಕ ಎರಡು ಕೆಜಿಯ ಮೇಲೆ. ಹತ್ತಿರ ಹತ್ತಿರ ಅಷ್ಟೇ ಶಕ್ತಿಯ ಲಿಥಿಯಂ ಬ್ಯಾಟರಿ, 18 ವೋಲ್ಟ್ 5 ಎಎಚ್, ಮುಕ್ಕಾಲು ಕೆಜಿಯೂ ಇರಲ್ಲ. ತುಂಬಿದ ಪಂಪು ಹೊತ್ತು ದಿನವಿಡೀ ಸಾಲಿನಲ್ಲಿ ನಡೆದವರಿಗೆ ಆ ಒಂದೂವರೆ ಕೆಜಿಯ ಬೆಲೆ ಗೊತ್ತು.

ಅದಕ್ಕಿಂತ ಚಂದದ ಉದಾಹರಣೆ ತೊಗರಿ ಕುಡಿ ಚಿವುಟುವ ಯಂತ್ರ. ಬಿತ್ತಿ ಸುಮಾರು 50 ದಿನಕ್ಕೆ ತೊಗರಿಯ ತುದಿ ಚಿವುಟಿದ್ರೆ ಪಕ್ಕದ ಟೊಂಗೆ ಹೆಚ್ಚಿ ಕಾಯಿ ಜಾಸ್ತಿ ಹಿಡಿಯುತ್ತೆ ಅಂತ ಕೃಷಿ ವಿಜ್ಞಾನಿಗಳು ಹೇಳ್ತಾರೆ. ಕೈಯಲ್ಲಿ ಚಿವುಟೋಕೆ ಆಳು ಬೇಕು, ಆ ಹೊತ್ತಿಗೆ ಆಳು ಸಿಗಲ್ಲ. ಹಾಗಾಗಿ ಕಲ್ಯಾಣ ಕರ್ನಾಟಕದ ಹೊಲಗಳಿಗೆ ಬ್ಯಾಟರಿಯಿಂದ ತಿರುಗುವ ಸಣ್ಣ ಬ್ಲೇಡಿನ, ಉದ್ದ ಕೋಲಿನ ಯಂತ್ರ ಬಂತು. ಹೊಲದ ನಡುವೆ ಪ್ಲಗ್ ಪಾಯಿಂಟ್ ಎಲ್ಲಿಂದ ತರೋದು? ವೈರಿನ ಯಂತ್ರದಿಂದ ಈ ಕೆಲಸ ಸಾಧ್ಯವೇ ಇರಲಿಲ್ಲ.

ಹಾಗಾದ್ರೆ ಮಾವನ ಬ್ಯಾಟರಿ ಯಾಕೆ ಸತ್ತಿತು?

ಇದನ್ನ ಮಾವನಿಗೇ ಕೇಳಿದೆ.

“ಮಾವ, ಕೆಲಸ ಮುಗಿದ ಮ್ಯಾಲ ಬ್ಯಾಟ್ರಿ ಎಲ್ಲಿ ಇಡ್ತಿದ್ರಿ?”

“ಎಲ್ಲಿಡ್ಲಿ? ಶೆಡ್ಡಿನಾಗ. ಮ್ಯಾಲಿನ ಹಲಗಿ ಮ್ಯಾಲ, ತಗಡಿನ ಬುಡಕ.”

“ಬ್ಯಾಸಿಗ್ಯಾಗೂ ಅಲ್ಲೇನ್ರಿ?”

“ಹೌದಪಾ. ಕೈಗೆ ಸಿಗಬೇಕಲ್ಲ.”

ಉತ್ತರ ಅಲ್ಲೇ ಇತ್ತು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ ಬಿಸಿಲು 42 ಡಿಗ್ರಿ ಮುಟ್ಟೋದು ಅಪರೂಪವಲ್ಲ. ತಗಡಿನ ಕೆಳಗೆ, ಬೈಕಿನ ಡಬ್ಬಿಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಹೆಚ್ಚಿನ ಕಂಪನಿಗಳ ಪುಸ್ತಕದಲ್ಲಿ 40 ಡಿಗ್ರಿ ಮೇಲೆ ಚಾರ್ಜ್ ಮಾಡಬೇಡಿ, 50 ಡಿಗ್ರಿ ದಾಟುವ ಕಡೆ ಇಡಬೇಡಿ ಅಂತ ಬರೆದಿರುತ್ತೆ. ಲಿಥಿಯಂ ಸೆಲ್ಲಿನ ಒಳಗಿನ ರಾಸಾಯನಿಕಗಳು ಬಿಸಿಗೆ ಬೇಗ ಬೇಗ ಹಾಳಾಗ್ತವೆ. ಅದರಲ್ಲೂ ಪೂರ್ತಿ ಚಾರ್ಜ್ ಮಾಡಿ ಬಿಸಿಯಲ್ಲಿ ಇಟ್ಟರೆ ಇನ್ನೂ ಬೇಗ.

ಮಾವನ ಎರಡನೇ ತಪ್ಪು ಅವರದ್ದಲ್ಲ, ಹಳೇ ಉಪದೇಶದ್ದು. “ಪೂರ್ತಿ ಖಾಲಿ ಮಾಡೇ ಚಾರ್ಜ್ ಹಾಕಬೇಕು” ಅಂತ ಯಾರೋ ಹೇಳಿದ್ರಂತೆ. ಅದು ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂಗೆ ಅದು ಉಲ್ಟಾ. ಪೂರ್ತಿ ಖಾಲಿ ಮಾಡಿ, ಹಬ್ಬಕ್ಕೋ ಬಿತ್ತನೆಗೋ ಅಂತ ಎರಡು ತಿಂಗಳು ಮೂಲೆಗೆ ಹಾಕಿದ್ರೆ ಸೆಲ್ಲಿನ ವೋಲ್ಟ್ ತೀರಾ ಕೆಳಗೆ ಇಳಿದು, ಆಮೇಲೆ ಚಾರ್ಜರ್ ಅದನ್ನ ಒಪ್ಪಿಕೊಳ್ಳೋದೇ ಇಲ್ಲ. ಕೆಂಪು ಲೈಟು ಮಿಣುಕುತ್ತೆ, ಅಷ್ಟೇ.

ಮೂರನೆಯದು ಲೇಬಲ್ಲಿನ ಮೋಸ. ಮಾವನ ಬ್ಯಾಟರಿಯ ಮೇಲೆ ದೊಡ್ಡದಾಗಿ ‘48 ವಿಎಫ್’ ಅಂತ ಬರೆದಿತ್ತು. ಮಾರುಕಟ್ಟೆಯಲ್ಲಿ 88, 128 ಅಂತಲೂ ಸಿಗ್ತವೆ. ಅದು ವೋಲ್ಟ್ ಅಲ್ಲ, ಕಣ್ಣು ಕುಕ್ಕೋಕೆ ಹಾಕಿದ ಅಂಕಿ. ಒಳಗೆ ಇದ್ದದ್ದು ಅದೇ ಐದು ಸೆಲ್. ಹಾಗೆಯೇ ಒಂದು 18650 ಸೆಲ್ಲಿನಲ್ಲಿ ಮೂರೂವರೆ ಎಎಚ್‌ಗಿಂತ ಹೆಚ್ಚು ಹಿಡಿಸೋದು ಕಷ್ಟ. ಬಿಡಿ ಸೆಲ್ ಮೇಲೆ ‘9900 ಎಂಎಎಚ್’ ಅಂತ ಬರೆದಿದ್ರೆ ಅದು ಶುದ್ಧ ಸುಳ್ಳು.

ಅಂಗಡಿಯಲ್ಲಿ ಇದನ್ನ ಪರೀಕ್ಷೆ ಮಾಡೋದು ಹೇಗೆ? ತಕ್ಕಡಿ ಸಾಕು. ಒಂದು 18650 ಸೆಲ್ 45 ಗ್ರಾಂ ಆಸುಪಾಸು ತೂಗುತ್ತೆ. ಐದು ಸೆಲ್ ಇದ್ರೆ 225 ಗ್ರಾಂ, ಹತ್ತು ಇದ್ರೆ 450. ಅದರ ಮೇಲೆ ಡಬ್ಬಿಯ ತೂಕ. ಇಂಥ ಸಣ್ಣ ಸೆಲ್ಲಿನ 6 ಎಎಚ್ ಬ್ಯಾಟರಿ ಮಾಡೋಕೆ ಹತ್ತು ಸೆಲ್ ಬೇಕೇ ಬೇಕು. 6 ಎಎಚ್ ಅಂತ ಬರೆದ ಬ್ಯಾಟರಿ ಒಟ್ಟು 350 ಗ್ರಾಂ ತೂಗಿದ್ರೆ ವಾಪಸ್ ಕೊಟ್ಟು ಬನ್ನಿ. ವೋಲ್ಟ್, ಎಎಚ್ ಜೊತೆಗೆ ವ್ಯಾಟ್-ಅವರ್ ಬರೆದಿದೆಯಾ, ಗುಣಿಸಿದ್ರೆ ತಾಳೆ ಬೀಳುತ್ತಾ ಅನ್ನೋದನ್ನೂ ನೋಡಿ.

ಬ್ಯಾಟರಿ ಕಾಪಾಡುವ ಐದು ಮಾತು

ಒಂದು. ಬ್ಯಾಟರಿಯನ್ನ ಶೆಡ್ಡಿನಲ್ಲಿ ಬಿಡಬೇಡಿ, ಮನೆಗೆ ತನ್ನಿ. ಮಾಳಿಗೆ ಮನೆ ಇದ್ದರೆ ಒಳಕೋಣೆ, ನೆಲಕ್ಕೆ ಹಾಸಿದ ಪರಸಿಯ ಹತ್ತಿರ. ತಂಪು ಇರಲಿ, ಒದ್ದೆ ಬೇಡ. ಸೈಟಿನಲ್ಲಿ ಇದ್ದಾಗ ಊಟದ ಡಬ್ಬಿ ಇಡುವ ನೆರಳಲ್ಲೇ ಬ್ಯಾಟರಿಯನ್ನೂ ಇಡಿ.

ಎರಡು. ಈಗತಾನೇ ಗ್ರೈಂಡರಿನಿಂದ ತೆಗೆದ ಬಿಸಿ ಬ್ಯಾಟರಿಯನ್ನ ಕೂಡಲೇ ಚಾರ್ಜರಿಗೆ ಹಾಕಬೇಡಿ. ಅರ್ಧ ಗಂಟೆ ಆರಲಿ. ಬೇಸಿಗೆಯಲ್ಲಿ ರಾತ್ರಿ ಊಟ ಆದ ಮೇಲೆ ಅಥವಾ ಬೆಳಗಿನ ಜಾವ ಚಾರ್ಜ್ ಮಾಡೋದು ಒಳ್ಳೇದು.

ಮೂರು. ಮಷಿನ್ನಿನ ಬಲ ಕುಗ್ಗಿತು ಅನ್ನಿಸಿದ ಕೂಡಲೇ ಬ್ಯಾಟರಿ ಬದಲಿಸಿ. ಕೊನೆಯ ಹನಿವರೆಗೆ ಹಿಂಡಬೇಡಿ.

ನಾಲ್ಕು. ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಅರ್ಧ ಚಾರ್ಜಿನಲ್ಲಿ ಇಟ್ಟು ಹೋಗಿ. ಖಾಲಿಯೂ ಬೇಡ, ಪೂರ್ತಿಯೂ ಬೇಡ.

ಐದು. ಊದಿಕೊಂಡ, ಬಿದ್ದು ಒಡೆದ, ನೀರಲ್ಲಿ ಮುಳುಗಿದ ಬ್ಯಾಟರಿಯನ್ನ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಬಹುದು. ಒಳಗಿನ ಸೆಲ್ ಬದಲಿಸಿ ಕೊಡ್ತೀವಿ ಅನ್ನುವವರು ಇದ್ದಾರೆ. ಆ ಸೆಲ್‌ಗಳನ್ನ ಸ್ಪಾಟ್ ವೆಲ್ಡಿಂಗ್‌ನಿಂದ ಜೋಡಿಸಬೇಕು, ಕಾವಿ ಇಟ್ಟು ಬೆಸುಗೆ ಹಾಕಿದ್ರೆ ಬಿಸಿಗೆ ಸೆಲ್ ಹಾಳಾಗುತ್ತೆ. ಎಲ್ಲ ಸೆಲ್ ಒಂದೇ ನಮೂನೆಯವು ಆಗಿರಬೇಕು. ಸಾಲಿನಲ್ಲಿ ಒಂದು ಸೆಲ್ ಸೋತರೆ ಇಡೀ ಬ್ಯಾಟರಿ ಸೋಲುತ್ತೆ. ಇದು ಗೊತ್ತಿಲ್ಲದವರ ಕೈಗೆ ಕೊಡಬೇಡಿ.

ಸತ್ತ ಬ್ಯಾಟರಿಯನ್ನ ಕಸದ ಗಾಡಿಗೆ ಹಾಕೋದು, ಸುಡೋದು ಎರಡೂ ತಪ್ಪು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಬೇರೆ ಕಸದ ಜೊತೆ ಬೆರೆಸದೆ ಕೊಡೋದು ನಮ್ಮ ಹೊಣೆ. ಹೊಸದು ಕೊಳ್ಳುವಾಗ ಹಳೇದನ್ನ ಅಂಗಡಿಗೆ ಒಯ್ದು ಕೇಳಿ.

ಒಂದಲ್ಲ, ಎರಡು

ಈಗ ಸಾಲದ ಲೆಕ್ಕಕ್ಕೆ ವಾಪಸ್ ಬರೋಣ. ಒಳ್ಳೆಯ ಲಿಥಿಯಂ ಸೆಲ್ ಸಾಮಾನ್ಯವಾಗಿ 500ರ ಆಸುಪಾಸು ಸಲ ಪೂರ್ತಿ ಚಾರ್ಜ್ ಆಗೋವರೆಗೆ ಚೆನ್ನಾಗಿ ನಡೆಯುತ್ತೆ. ಆಮೇಲೆ ಸಾಯಲ್ಲ, ಆದರೆ ಟಾಕಿ ಚಿಕ್ಕದಾಗುತ್ತಾ ಹೋಗುತ್ತೆ.

ತಿಂಗಳಿಗೆ 25 ದಿನ ಕೆಲಸ ಅಂತ ಹಿಡೀರಿ. ಸಾಲ 18 ತಿಂಗಳು. ಒಟ್ಟು 450 ದಿನ. ಒಂದೇ ಬ್ಯಾಟರಿ ಇಟ್ಟುಕೊಂಡು ದಿನಕ್ಕೆ ಎರಡು ಸಲ ಚಾರ್ಜ್ ಮಾಡಿದ್ರೆ 900 ಸಲ ಆಯ್ತು. ಸಾಲ ತೀರುವ ಮುಂಚೆಯೇ ಅದು ಸೋತು ಹೋಗುತ್ತೆ. ಎರಡು ಬ್ಯಾಟರಿ ಇದ್ದು ದಿನಕ್ಕೆ ಒಂದೊಂದು ಸಲ ಚಾರ್ಜ್ ಮಾಡಿದ್ರೆ ಒಂದೊಂದಕ್ಕೆ 450. ಸಾಲ ತೀರಿದ ಮೇಲೂ ಎರಡೂ ಬದುಕಿರ್ತವೆ. ಮೇಲಾಗಿ ಒಂದು ಮಷಿನ್ನಿನಲ್ಲಿ, ಒಂದು ಚಾರ್ಜರಿನಲ್ಲಿ. ಬಿಸಿ ಬ್ಯಾಟರಿಗೆ ಆರೋಕೂ ಹೊತ್ತು ಸಿಗುತ್ತೆ.

ಹಾಗಾಗಿ ನಾನು ಮಾವನಿಗೆ ಹೇಳಿದ್ದು ಇಷ್ಟು. ನಾಲ್ಕು ಮಷಿನ್ ಒಟ್ಟಿಗೆ ತಗೋಬೇಡಿ. ವಿಶ್ವಕರ್ಮದ ಕಿಟ್ಟಿನಲ್ಲಿ ಏನು ಬರುತ್ತೆ ಅನ್ನೋದನ್ನ ಮೊದಲು ನೋಡಿ, ಅದರಲ್ಲಿ ಇರೋದನ್ನ ಮತ್ತೆ ಕೊಳ್ಳಬೇಡಿ. ಸಾಲದಲ್ಲಿ ಹತ್ತಿರದಲ್ಲಿ ಸರ್ವಿಸ್ ಇರುವ ಕಂಪನಿಯ ಒಂದು ಡ್ರಿಲ್ಲು, ಎರಡು ಬ್ಯಾಟರಿ, ಒಂದು ಚಾರ್ಜರ್. ಬಿಲ್ ಹಾಕಿಸಿ, ವಾರಂಟಿ ಕಾರ್ಡಿಗೆ ಸೀಲ್ ಹೊಡೆಸಿ. ಆರು ತಿಂಗಳು ದುಡಿದು ನೋಡಿ, ಆಮೇಲೆ ಅದೇ ಬ್ಯಾಟರಿಗೆ ಕೂಡುವ ಕಟರ್ ಬರೀ ಮಷಿನ್ ತಗೊಳ್ಳಿ. ಅಂಗಡಿಯಲ್ಲಿರುವ ವೈರಿನ ಗ್ರೈಂಡರನ್ನ ಮಾರಬೇಡಿ.

ಮಾವ ಸ್ವಲ್ಪ ಹೊತ್ತು ಸುಮ್ಮನೆ ಕೂತ್ರು. ಆಮೇಲೆ ಕೇಳಿದ್ರು:

“ಅಂದ್ರ ಮಷಿನ್ನಿಗೇನೂ ಆಗಿಲ್ಲ, ತಗಡಿನ ಬುಡಕ ಇಟ್ಟು ನಾನೇ ಕೊಂದೆ ಅಂತಿ?”

“ಅರ್ಧ ನೀವು, ಅರ್ಧ ಆ ಲೇಬಲ್ ಬರೆದವ್ರು ಮಾವ.”

ನಕ್ಕರು. ಅತ್ತೆಯನ್ನ ಕರೆದು, ಒಳಕೋಣೆಯ ಕಪಾಟಿನಲ್ಲಿ ಕೆಳಗಿನ ಖಣ ಖಾಲಿ ಮಾಡಿಕೊಡು ಅಂದ್ರು. ಯಾಕ ಅಂತ ಅತ್ತೆ ಕೇಳಿದಾಗ ಮಾವ ಕೊಟ್ಟ ಉತ್ತರದಿಂದಲೇ ಈ ಸಂಚಿಕೆ ಮುಗಿಸ್ತೀನಿ.

“ಹೊಸಾ ಬ್ಯಾಟ್ರಿ ಬರ್ಲಿಕತ್ತಾವ. ಅವಕ್ಕ ಬಿಸಲು ಆಗಲ್ಲಂತ.”

ನಿಮ್ಮ ಶೆಡ್ಡಿನಲ್ಲಿ, ಬೈಕಿನ ಡಬ್ಬಿಯಲ್ಲಿ ಬ್ಯಾಟರಿ ಇದ್ದರೆ ಇದನ್ನ ಕೇಳಿ ಮುಗಿಸಿದ ಕೂಡಲೇ ಹೋಗಿ ಒಳಗೆ ತಂದಿಡಿ. ಕೆಲಸದಲ್ಲಿರುವ ಗೆಳೆಯರಿಗೂ ಈ ಸಂಚಿಕೆ ಕೇಳಿಸಿ.